ಬನಶ್ರೀದು ಟೆಸ್ಟ್ ಐತಂತ

...ಅಲ್ಲೋ ನಿಜಲಿಂಗಪ್ಪ, ನಾ ಇಷ್ಟೊತ್ತು ಯಾರ ಮುಂದ ಒದರಾಕತ್ತೇನಿ? ಗ್ವಾಡಿ ಮುಂದೇನು? ಆ ಲಾಳಿ ಒಗಿಯೂದರ ನಿಲ್ಲಿಸು! ಖಟಕ್ ಖಟಕ್, ಖಟಕ್ ಖಟಕ್... ಒಡಹುಟ್ಟಿದ ಅಕ್ಕ ಬಾಗಿಲದಾಗ ಕುಂತು ಬಾಯಿ ಬಾಯಿ ಬಡ್ಕೊಳ್ಳಾಕತ್ತಾಳ, ತಮ್ಮ ಮಗ್ಗದಾಗ ಕುಂತು ಸೀರಿ ಸೆರಗ ನೋಡಾಕತ್ತಾನ!

ಎರಡೂವರಿ ಆತು. ನಾಕಕ್ಕ ಹುಬ್ಬಳ್ಳಿ ಬಸ್ಸು. ಅದು ತಪ್ಪಿತಂದ್ರ ನಾಳಿ ಇಮಾನ ತಪ್ಪಿತು, ಇಮಾನ ತಪ್ಪಿತಂದ್ರ ಆಕಿ ಜಾಗಾಕ್ಕ ಮತ್ತೊಬ್ಬಾಕಿ. ನಿನ್ನ ಮಗಳೋ! ಈ ಗಜೇಂದ್ರಗಡದ ನೇಕಾರ ಓಣ್ಯಾಗ ಹುಟ್ಟಿದ ಬನಶ್ರೀ, ದೇಶದ ಕಡಿಂದ ರಗ್ಬಿ ಆಡಾಕ ಹೊಂಟಾಳ. ಆಕಿ ಪಾಸ್‌ಪೋರ್ಟು ನಿನ್ನ ಟ್ರಂಕಿನ್ಯಾಗ. ಆಕಿ ಒಳಗ ಚಿಲಕ ಹಾಕ್ಕೊಂಡು ಎರಡ ದಿನದಿಂದ ಉಪಾಸ. ಕೊಡೋ ಮಾರಾಯಾ, ಕೊಟ್ಟು ಕಳಸು!

ಏನ ತಲಿ ಅಳ್ಳಾಡಸ್ತಿ? ದ್ಯಾಮಪ್ಪನ ಆಟೋಕ್ಕ ಹೇಳಿಟ್ಟೀನಂತೇನು? ಗೊತ್ತೈತಿ. ಮೂರಕ್ಕ ಬರ್ತಾನ, ರೋಣದ ದವಾಖಾನಿಗೆ. ಬೀಗ ಆಗಬೇಕಾದ ನರಗುಂದದ ಹೇಮಪ್ಪ ಹೇಳಿ ಕಳಿಸ್ಯಾನ, "ನಮ್ಮ ಮಗ ಶರತಗ ನಿಮ್ಮ ಹುಡುಗಿನ್ನ ತರಬೇಕಂದ್ರ ಮೊದಲ ಡಾಕ್ಟರ್ ಕಡೆ ತೋರಿಸಿ ಚೀಟಿ ತಗೊಂಬರ್ರಿ" ಅಂತ. ಬಸರಿಲ್ಲ ಅಂತ ಚೀಟಿ! ಥೂ! ಕಾಳಿನ ಯಾಪಾರ ಮಾಡಿ ಮಾಡಿ ಆ ಮನಷ್ಯಾಗ ಹೆಣ್ಣನ್ನೂ ಕಡ್ಲಿ ಹಂಗ ಅಂಗೈಯಾಗ ಹಾಕ್ಕೊಂಡು ಊದಿ ನೋಡೂ ಚಟ. ಅವನ ಹೆಂಡ್ತಿ ತವರಮನಿ ಸುದ್ದಿ ನಾ ಬಿಚ್ಚಿದೆನಂದ್ರ... ಇರ್ಲಿ. ಈಗ ಬ್ಯಾಡ.

ಮುಂಜಾನಿ ಆಕಿ ಬಾಗಿಲ ಸಂದ್ಯಾಗಿಂದ ಏನಂದ್ಲು, ಕೇಳಿಸ್ತಿಲ್ಲೊ? "ಅಪ್ಪಾ, ಆ ಟೆಸ್ಟ್ ಆಡಾಕ ಬಿಡವಲ್ಲಿ, ಈ ಟೆಸ್ಟಿಗೆ ಎಳಕೊಂಡ ಹೊಂಟಿ" ಅಂದ್ಲು. ನನಗ ಇನ್ನೂ ಅನ್ನ ಇಳಿದಿಲ್ಲ.

ಎಲ್ಲಾ ಆ ಬಾಜೂಮನಿ ಇಂದಿರಾಬಾಯಿ ಹಚ್ಚಿದ ಬೆಂಕಿ! ಎಂಟ ದಿನಕ್ಕೊಮ್ಮೆ ನಳಕ್ಕ ನೀರು ಬರ್ತಾವು, ಎಂಟ ದಿನದ ಹೊಲಸೆಲ್ಲಾ ಅಲ್ಲೇ ತೊಳಿತಾಳ ಆಕಿ. ಬನಶ್ರೀ ರಜಾಕ್ಕ ಬಂದಾಕಿ ಹಿತ್ತಲದಾಗ ನಿಂತು ಫೋನಿನ್ಯಾಗ ಯಾರ ಕೂಡೋ "ನಂದು ಫಸ್ಟ್ ಟೆಸ್ಟ್ ಖಾತ್ರಿ ಆತು, ಅಪ್ಪಗ ಇನ್ನೂ ಹೇಳಿಲ್ಲ" ಅಂದ್ಲಂತ. ಟೆಸ್ಟ್ ಅಂದ್ರ ನಮ್ಮ ಓಣ್ಯಾಗ ಏನು ಹೇಳು? ಸಕ್ರಿ ಟೆಸ್ಟು, ರಕ್ತದ ಟೆಸ್ಟು, ಇಲ್ಲಾ... ಅದು. ಮದಿವಿ ಇಲ್ಲದ ಹುಡುಗಿ, ಅಪ್ಪಗ ಹೇಳಿಲ್ಲಂದ್ಮ್ಯಾಲ ಮತ್ತ್ಯಾವುದಿರ್ತದ? ಮಧ್ಯಾಹ್ನದೊಳಗ ಸೂಡಿಗೆ ಹೋತು, ಸಂಜಿ ಬಸ್ಸಿಗೆ ಸವಡಿ ಮುಟ್ಟಿತು, ಮರುದಿನ ನರಗುಂದ. ಬೆರಳ ಮಡಚಿ ತಿಂಗಳಾನೂ ಎಣಿಸಿದ್ರು ಮಂದಿ!

ಯಾಕ ನಗ್ತಿ? ಅದೆಂಥಾ ನಗಿ ಅದು... ನಗಬ್ಯಾಡ ಹಂಗ.

ಕೇಳು. ಟೆಸ್ಟ್ ಅಂದ್ರ ಆಟ. ದೇಶದೇಶದ ನಡುವಿನ ದೊಡ್ಡ ಆಟ. ಬಣ್ಣ ಹಚ್ಗೊಂಡು ಕುಣಿಯೂ ದೊಡ್ಡಾಟ ಅಲ್ಲಪಾ! ತತ್ತಿ ಹಂಗ ಉದ್ದನ ಚಂಡು, ಆ ಕಡೆ ಹದಿನೈದು ಮಂದಿ, ಈ ಕಡೆ ಹದಿನೈದು. ಸಾಲ್ಯಾಗ ಕಬಡ್ಡಿ ಆಡ್ಕೋತ ಇದ್ದಾಕಿನ್ನ ಗೌಸುಸಾಬ ಮಾಸ್ತರ ಈ ಆಟಕ್ಕ ಹಚ್ಚಿದ್ರು. ಪಾಪ, ಹುಡುಗಿನ್ನ ಕಳಸು ಅಂತ ಕೇಳಾಕ ಅವರು ನಿನ್ನೆ ಬಿಸಲಾಗ ಸೂಡಿಯಿಂದ ಗಾಡಿ ಮ್ಯಾಲ ಬಂದ್ರ, ಒಂದ ವಾಟಗ ನೀರ ಕೊಡಲಾರದ ಕಳಿಸಿದಿ.

ಇವರ ತಂಡದ ಹಿರೇಮಣಿ ಒಬ್ಬಾಕಿ ಅದಾಳ, ಮಯೂರಿ ಅಂತ. ಹನ್ನೊಂದ ಟೆಸ್ಟ್ ಆಡ್ಯಾಳ! ಮೊದಲನೇದ್ರಾಗ ಅರವತ್ತೆರಡು ಪಾಯಿಂಟಿಲೆ ಸೋತು ಮೈದಾನದಾಗ ಕುಂತ ಅತ್ತಿದ್ಲಂತ. ಮೂರನೇದ್ರಾಗ ಹೆಗಲೆಲುಬು ಮುರೀತು. ಆಮ್ಯಾಲ ಮದಿವಿ, ಕೂಸು... ಮುಗೀತಂದ್ರು ಎಲ್ಲಾರೂ. ಗಂಡ ಮಿಲ್ಲಿಗೆ ಹೋದ ಮ್ಯಾಲ ಅತ್ತಿ ಮುಂದ "ಸಂತಿಗೆ ಹೊಂಟೇನ್ರಿ" ಅಂತ ಹೇಳಿ ಓಡೂದು ಕಲ್ತಳಂತ ಮತ್ತ! ಚೀಲದಾಗ ಬದನಿಕಾಯಿ ಕೆಳಗ ಬೂಟು! ಖರೇನೋ! ಆ ಅತ್ತಿ ಹಿಡದ ಮ್ಯಾಲ ಏನಾತಂದ್ರ... ಇರ್ಲಿ, ಅದು ಬ್ಯಾರೆ ಕತಿ. ಆರನೇ ಟೆಸ್ಟು ಗೆದ್ರು. ಆಕಿ ಬಗಲಿಗೆ ನಿಂತು ಆಡೂ ಜಾಗಾ ನಮ್ಮ ಬನಶ್ರೀದು. ಮೊದಲನೇ ಟೆಸ್ಟ್ ಆಡಿದಾಕಿಗೆ ಒಂದು ಟೊಪಿಗಿ ಕೊಡ್ತಾರಂತ, ಅದಕ್ಕೊಂದು ನಂಬರ. ಆಕಿ ಸತ್ತರೂ ಆ ನಂಬರು ಮತ್ತೊಬ್ಬರಿಗೆ ಇಲ್ಲ. ನಮ್ಮ ಮನಿತನದಾಗ ಯಾರಿಗರ ಅಂಥಾದ್ದೊಂದು ಬಂದೈತೇನೋ?

ಮತ್ತ ಒಂದು ಮಜಾ ಕೇಳು. ಓಡೂದು ಮುಂದಕ್ಕ, ಚಂಡು ಒಗಿಯೂದು ಮಾತ್ರ ಹಿಂದಕ್ಕ! ಮುಂದ ಒಗದಿ, ತಪ್ಪು. ನನಗೂ ತಲಿಗೆ ಹೋಗಲಿಲ್ಲ. ಆಕಿ ನೂಲು ಸುತ್ತಿದ ಕಂಡಕಿ ಪುಟ್ಟಿ ತಂದು ಇಲ್ಲೇ ಕಟ್ಟಿ ಮ್ಯಾಲ ಹದಿನೈದು ಕಂಡಕಿ ಆ ಕಡೆ, ಹದಿನೈದು ಈ ಕಡೆ ನಿಲ್ಲಿಸಿ, "ಅತ್ತೀ, ಇದು ನಾನು ನೋಡು" ಅಂತ ಕೆಂಪ ನೂಲಿಂದೊಂದು ಸರಸಿ ಸರಸಿ ತೋರಿಸಿದ್ಲು. ಮೂವತ್ತೂ ಕಂಡಕಿ ಸುಮ್ಮನ ಬಿದ್ದಿದ್ದು, ಮಗ್ಗ ಬಿಡುವಿತ್ತಲ್ಲ, ಹಿಂಗಾಗಿ...

ಯಾಕ? ಲಾಳಿ ಯಾಕ ನಿಲ್ಲಿಸಿದಿ?

ಏನಿಲ್ಲ, ಎಂದರ ಇರವಲ್ದ್ಯಾಕ, ಒಂದಿನ... ಮಗ್ಗ ಬಿಡುವಂದ್ರ... ಹೌದಪಾ, ಅಮಾಸಿಗೆ. ಅಮಾಸಿ ಬಿಟ್ರ ನೀ ಎಂದ ಮಗ್ಗ ಬಿಟ್ಟಿ? ಹೆಂಡ್ತಿ ಸತ್ತಾಗ ಮೂರ ದಿನ ಬಿಟ್ಟಿದ್ದಿ, ಅಷ್ಟ. ಅಮಾಸಿ ಸಂಜೀಕನ ಅನ್ನು. ಆದ್ರೇನಾತು?

ಬೆರಳ ಯಾಕ ಎಣಿಸ್ತಿ?

ನಳಕ್ಕ ನೀರು ಬಂದದ್ದು ಅಮಾಸಿ ಮರುದಿನ... ಹೌದು. ಮುಂಜಾನಿ. ಸುದ್ದಿ ಎದ್ದದ್ದೂ ಅಂದ, ಆಮ್ಯಾಲ ನೀರು ಇನ್ನೂ ಬಂದಿಲ್ಲ. ಅದಕ್ಕ? ಇಂದಿರಾಬಾಯಿ ಅಂದು ಅಲ್ಲಿ... ಅಂದು ಆಕಿ... ಹಾಂ, ಲಕ್ಷ್ಮೇಶ್ವರಕ್ಕ ಹೋಗಿದ್ಲು. ಮಗಳ ಮನಿಗೆ. ನಿನಗ್ಯಾರ ಹೇಳಿದ್ರು?... ಮಾತಾಡೋ! ಹಂಗ ನೋಡಬ್ಯಾಡ, ಬೈ ಬೇಕಾದ್ರ!

ಹೌದು, ನಾನ! ಇಂದಿರಾಬಾಯಿ ಅಲ್ಲ, ನಾನ ಹೇಳಿದೆ. ಸಾಕೇನು? ನನಗೇನ ಇಂಗ್ಲೀಷ ಬರ್ತದನು? ಎರಡನೇತ್ತೆಗೆ ಸಾಲಿ ಬಿಡಿಸಿ ಕಂಡಕಿ ಸುತ್ತಾಕ ಕುಂದ್ರಿಸಿದ್ರು ಅಪ್ಪ. ತಪ್ಪಿ ತಿಳಕೊಂಡೆ. ಬಾಯಾಗ ಬಂತು. ಬಂದದ್ದಕ್ಕ... ಎಲ್ಲಾರೂ ನನ್ನ ಮಾರೀನ ನೋಡಾಕತ್ತಿದ್ರೋ ನಿಂಗಪ್ಪ. ಎಂಟ ದಿನಕ್ಕ ಬಂದ ನೀರು ಕೊಡ ತುಂಬಿ ಗಟಾರಕ್ಕ ಹರಿಯಾಕತ್ತಿದ್ದು, ಒಬ್ಬಾಕೀನೂ ಹೊಳ್ಳಿ ನೋಡಲಿಲ್ಲ. "ಆಮ್ಯಾಲ ಶಂಕ್ರವ್ವ? ಮುಂದೇನಾತು ಶಂಕ್ರವ್ವ?" ಗಂಡ ಹೋದ ಮ್ಯಾಲ ನನ್ನ ಹೆಸರ ಹಿಡದು ಅಷ್ಟ ಸಲ ಯಾರೂ ಕರದಿದ್ದಿಲ್ಲ.

ಅಗೋ, ಆಟೋ ಬಂತು. ಹಾರ್ನ್ ಕೇಳು. ಕಾಲ ಹಿಡೀಲೇನು? ದೊಡ್ಡಾಕಿ ನಾನು, ಆದ್ರೂ ಹಿಡಿತೀನಿ. ಆ ಆಟೋನ್ಯಾಗ ರೋಣಕ್ಕ ಒಯ್ಯಬ್ಯಾಡ ಹುಡುಗಿನ್ನ. ಬಸ್‌ಸ್ಟ್ಯಾಂಡಿಗೆ ಒಯ್ಯಿ...

ಫೋನ ಯಾಕ ತಗದಿ? ಯಾರಿಗೆ ಹಚ್ಚಿದಿ? ನನ್ನ ಕೈಯಾಗ ಯಾಕೋ... ಹೇಮಪ್ಪಗ? ಒಲ್ಲೆಪಾ! ಸ್ಪೀಕರ ಯಾಕ ಒತ್ತಿದಿ, ಒಳಗ ಆಕಿಗೆ ಕೇಳಸ್ತದೋ! ಅಂವ ಊರೆಲ್ಲಾ ಸಾರತಾನ. ನಾಳಿ ನಾ ನಳಕ್ಕ ಹೋದ್ರ ನನ್ನ ಕೂಡ ಯಾರು...

ಟ್ರಂಕಿನ ಕೀಲಿ. ನಡುವ ಇಟ್ಟಿ. ಹೇಳಿದ್ರ ಕೊಡ್ತಿ ಅಂದಂಗಾತು.

ಹಲೋ. ಹೇಮಪ್ಪಾರ... ನಾನ್ರಿ, ಶಂಕ್ರವ್ವ, ಹುಡುಗಿ ಸ್ವಾದರತ್ತಿ. ಇಲ್ರಿ, ಚೀಟಿ ತರೂದಿಲ್ರಿ. ಟೆಸ್ಟಂದ್ರ ಆಟರಿ ಅದು. ಹುಡುಗಿ ಮ್ಯಾಲ ಒಂದ ಚುಕ್ಕಿ ಕಪ್ಪಿಲ್ರಿ. ಮೊದಲ ಹೇಳಿದಾಕಿ ನಾನ್ರಿ... ಹ್ಯಾಂ? ಹೌದ್ರಿ, ತಿಳೀಲಾರದ... ತಪ್ಪಿ...

ನಿಂಗಪ್ಪ, ಕೀಲಿ ಯಾಕ ಹೊಳ್ಳಿ ತಗೊಂಡಿ?

...ತಿಳೀಲಾರದ ಅಲ್ರಿ ಹೇಮಪ್ಪಾರ. ಹಿಂದಿನ ದಿನ ಸಂಜೀಕ ಆಕಿ ಎದುರಿಗೆ ಕುಂತು ಎಲ್ಲಾ ತಿಳಿಸಿ ಹೇಳಿದ್ಲರಿ. ನನಗ ಗೊತ್ತಿತ್ತರಿ. ಗೊತ್ತಿದ್ದ ಹೇಳೀನ್ರಿ. ಹಲೋ? ಅದೀರಿಲ್ಲೊ? ಹಲೋ?

ಚಿಲಕ ತಗದ ಸಪ್ಪಳಾತು.

ಬನಶ್ರೀ... ಎಲ್ಲಾ ಕೇಳಿದೇನವ್ವಾ? ತಗೋ, ಅಪ್ಪನ ಕೈಯಾಗಿನ ಕೀಲಿ ತಗೋ. ಬ್ಯಾಗು ನಾ ಹಿಡಿತೀನಿ ಕೊಡು. ಕೊಡಂಗಿಲ್ಲೇನು? ಆತು, ನೀನ ಹಿಡಿ. ಒಂದ ತುತ್ತು ರೊಟ್ಟಿಯರ... ತಂಗಿ, ನನ್ನ ದಾಟಿ ಹಂಗ ಹೋಗಬ್ಯಾಡ. ನಿಂದರ. ಬಾಯಿ ಬಿಟ್ಟು ಒಂದ ಬೈಗಳರ ಬೈದ ಹೋಗ!