ಹತ್ತಾದ ಮೇಲೆ ಹನ್ನೊಂದು

ದೀಪ ಆರಿಸ್ಬೇಡ್ರೋ, ಹೇಳಿ ಮುಗಿಸ್ತೀನಿ. ಯಾರೋ ಎಲ್ಲೋ ಕಂಡಿದ್ದಲ್ಲ ಇದು. ನಮ್ಮ ಚಿಕ್ಕಮ್ಮನ ಮಗನಿಗೇ ಆಗಿದ್ದು, ಅವನೇ ನನ್ನ ಹತ್ರ ಬಾಯಿಬಿಟ್ಟಿದ್ದು.

ಆಗ ಅವನಿಗೆ ಹದಿನಾಲ್ಕು. ಸ್ಕೌಟ್ ತಂಡದ ನಾಯಕ. ಹನ್ನೊಂದು ಹುಡುಗರು, ಬೆನ್ನಿಗೊಂದೊಂದು ಚೀಲ, ಕಾಡುದಾರಿ. ರಾತ್ರಿಯೇ ಗುಡ್ಡದಾಚೆಯ ಶಿಬಿರ ಮುಟ್ಟಬೇಕು. ಮೊದಲು ಮುಟ್ಟಿದ ತಂಡದ ನಾಯಕನಿಗೆ ಪದಕ. ಆ ಪದಕಕ್ಕೆ ಇವನು ಪ್ರಾಣ ಬಿಡ್ತಿದ್ದ.

ಎಲ್ಲರಿಗಿಂತ ಮುಂದೆ ಮೇಷ್ಟ್ರು. ಕತ್ತಲಲ್ಲಿ ಯಾರೂ ತಪ್ಪಿಹೋಗ್ಬಾರದಲ್ಲ, ಅದಕ್ಕೆ ಆಗಾಗ ವಿಸಿಲ್ ಊದೋರು. ಆಗ ಮುಂದಿನಿಂದ ಹಿಂದಕ್ಕೆ ಒಬ್ಬೊಬ್ಬರೂ ತಮ್ಮ ನಂಬರ್ ಕೂಗ್ಬೇಕು. ನಮ್ಮವನದು ಹತ್ತು. ಅವನ ಹಿಂದೆ, ಕಟ್ಟಕಡೆಗೆ, ಹನ್ನೊಂದು... ಎಲ್ರೂ ‘ಮೂಟೆ’ ಅಂತ ರೇಗಿಸೋ ದಪ್ಪ ಹುಡುಗ. ಪಾಪ, ಅವತ್ತು ಅವನಿಗೆ ಗಂಟಲು ಕಟ್ಟಿತ್ತು, ಪಿಸುಮಾತು ಬಿಟ್ರೆ ಸ್ವರವೇ ಇಲ್ಲ. “ಅವನದ್ದೂ ಸೇರಿಸಿ ನೀನೇ ಕೂಗಪ್ಪ,” ಅಂತ ನಮ್ಮವನಿಗೆ ಹೇಳಿದ್ರು ಮೇಷ್ಟ್ರು. ಅವರು ಎಡವಿದ್ದೇ ಅಲ್ಲಿ ನೋಡಿ.

ದಾರಿಬದಿಯ ಒಂದು ಹಾಳುಬಾವಿ ಹತ್ರ ಮೂಟೆ ಕುಸಿದು ಕೂತ. ಕಾಲು ಉಳುಕಿತ್ತು.

“ನಿಲ್ಲಣ್ಣಾ... ಹೆಜ್ಜೆ ಇಡಕ್ಕಾಗ್ತಿಲ್ಲ.”

“ನಿನ್ನಿಂದ ನನ್ನ ಪದಕ ಹೋಗತ್ತೆ ಕಣೋ. ಇಲ್ಲೇ ಬಿದ್ದಿರು, ಆಮೇಲೆ ಬರ್ತೀನಿ.”

“ಕತ್ತಲು ಅಣ್ಣಾ... ಯಾರಾದ್ರೂ...”

“ನಿನ್ನ ಎತ್ಕೊಂಡು ಹೋಗೋಕೆ ಕ್ರೇನೇ ಬರ್ಬೇಕು!”

ಅಂದವನೇ ಅವನ ಕೊರಳಲ್ಲಿದ್ದ ವಿಸಿಲ್ ಕಿತ್ಕೊಂಡ. ಊದಿದ್ರೆ ಮೇಷ್ಟ್ರು ತಿರುಗಿ ಬರ್ತಾರಲ್ಲ! ಟಾರ್ಚನ್ನೂ ಬಿಡಲಿಲ್ಲ. ಹೊಟ್ಟೆಗೆ ಅನ್ನ ತಿನ್ನೋರು ಮಾಡೋ ಕೆಲಸವಾ ಅದು? ಥೂ.

ಮುಂದೆ ವಿಸಿಲ್ ಆಯ್ತು. “ಎಂಟು.” “ಒಂಬತ್ತು.” “ಹತ್ತು, ಹನ್ನೊಂದು!” ಅಂದ ನಮ್ಮವನು. ಲೆಕ್ಕ ಸರಿಹೋಯ್ತು, ಎಲ್ರೂ ನಡೆದ್ರು.

ಹಿಂದೆ, ದೂರದಲ್ಲಿ, ಕಲ್ಲು ಜಾರಿದ ಸದ್ದು... ಜರ್ರ್... ಆಮೇಲೆ ದುಡುಂ ಅಂತ ನೀರು. ಅವನಿಗೆ ಕೇಳಿಸ್ತು. ಚೆನ್ನಾಗೇ ಕೇಳಿಸ್ತು. ಒಂದು ಗಳಿಗೆ ನಿಂತ... ಮತ್ತೆ ಬಿರಬಿರನೆ ಮುಂದಕ್ಕೆ ನಡೆದ.

ಮತ್ತೆ ವಿಸಿಲ್. “ಹತ್ತು,” ಅಂದ. ಉಸಿರು ಎಳ್ಕೊಳ್ಳೋಷ್ಟರಲ್ಲಿ ಬೆನ್ನ ಹಿಂದೆ...

“ಹನ್ನೊಂದು.”

ಗಂಟಲು ಕಟ್ಟಿದ ಸ್ವರ ಅಲ್ಲ. ಗಟ್ಟಿಯಾಗಿ, ತಣ್ಣಗೆ. ತಿರುಗಿ ಟಾರ್ಚ್ ಬೆಳಕು ಬಿಟ್ಟ. ಖಾಲಿ ದಾರಿ. ನಡೆದ್ರೆ ಮಾತ್ರ ಹಿಂದೆ ಒದ್ದೆ ಬೂಟಿನ ಸದ್ದು... ಪಚಕ್... ಪಚಕ್.

ಶಿಬಿರದ ಬೆಳಕು ಕಂಡಾಗ ಕೊನೆಯ ವಿಸಿಲ್. ಗಂಟಲು ಹರಿಯೋ ಹಾಗೆ “ಹತ್ತು!” ಅಂತ ಅರಚಿದ. ‘ಹನ್ನೊಂದು’ ಅವನ ಕಿವಿ ಪಕ್ಕದಲ್ಲೇ ಬಂತು.

ಮೊದಲು ಮುಟ್ಟಿದ್ದು ಅವರ ತಂಡವೇ. ಬೆಳಕಲ್ಲಿ ತಲೆ ಎಣಿಸಿದ್ರೆ ಹತ್ತು. ಬೆಳಗಿನ ಜಾವ ಬಾವಿಯಿಂದ ಹೆಣ ಎತ್ತಿದಾಗ ಬೆನ್ನಿನ ಚೀಲ ಹಾಗೇ ಇತ್ತಂತೆ.

ಪೊಲೀಸರು ಉಳಿದ ಒಂಬತ್ತು ಹುಡುಗರನ್ನ ಬೇರೆಬೇರೆ ಕೂರಿಸಿ ಕೇಳಿದ್ರು. ಒಂಬತ್ತೂ ಜನ ಒಂದೇ ಮಾತು ಹೇಳಿದ್ರು: ಕೊನೆಯ ಸಲ ‘ಒಂಬತ್ತು’ ಆದ ಮೇಲೆ ಕೇಳಿಸಿದ್ದು ‘ಹನ್ನೊಂದು’. ‘ಹತ್ತು’ ಅಂತ ಯಾರೂ ಕೂಗಲೇ ಇಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ಹೇಳಿಕೆಗಳನ್ನ ನಾನು ಕಣ್ಣಾರೆ ಓದಿದೀನಿ.