ಜಗಲಿಯ ಮೇಲೆ ನನ್ನ ಸರದಿ

ಈ ಸಭೆಯ ಅಧ್ಯಕ್ಷೆ ಪುಟ್ಟತಾಯಮ್ಮನವರೇ, ನಮ್ಮ ಸಂಸ್ಥೆಯ ಕಾರ್ಯದರ್ಶಿಗಳಾದ ಸಂಪತ್ಕುಮಾರ ಅವರೇ, ಜಮಖಾನದ ಮೇಲೆ ಕೂತಿರುವ ಮಹಿಳಾ ಸಂಘದ ಸದಸ್ಯೆಯರೇ, ಭಾಷಣ ಮುಗಿದು ಉಪ್ಪಿಟ್ಟು ಬರಲಿ ಎಂದು ಬಾಗಿಲಲ್ಲೇ ನಿಂತಿರುವ ಅವರ ಯಜಮಾನರುಗಳೇ, ಸಭಿಕರೇ,

ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಕೂರಲು ಕುರ್ಚಿಯನ್ನೂ ಕೊಟ್ಟಿದ್ದೀರಿ. ಈ ಕುರ್ಚಿಯ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಶಾಂತಿಗ್ರಾಮಕ್ಕೆ ನಾನು ನಾಯಕತ್ವದ ತರಬೇತಿ ಕೊಡಲು ಬಂದದ್ದು ತೊಂಬತ್ತಮೂರರಲ್ಲಿ. ಹೊಳೆನರಸೀಪುರದವಳಾದರೂ ಹಾಸ್ಟೆಲಿನಲ್ಲಿದ್ದು ಇಂಗ್ಲಿಷಿನಲ್ಲಿ ಓದಿದವಳು. ನನ್ನ ಕನ್ನಡ ಆಕಾಶವಾಣಿಯ ವಾರ್ತೆಯ ಹಾಗಿತ್ತು. ‘ನಾಯಕತ್ವ ಎಂದರೇನು?’ ಎಂದು ಮೊದಲ ದಿನ ಕೇಳಿದೆ. ‘ಮೈಕು ಇಡ್ಕಳಾದು ಕಣ್ರವ್ವ’ ಎಂದರು ಪುಟ್ಟತಾಯಮ್ಮ. ಎಲ್ಲರೂ ನಕ್ಕರು. ಇವತ್ತು ಮೈಕು ಅವರದು. ನನಗೆ ಸ್ವಲ್ಪ ಹೊತ್ತಿಗೆ ಕೊಟ್ಟಿದ್ದಾರೆ.

ಆಗ ನಾವೊಂದು ನಿಯಮ ಮಾಡಿಕೊಂಡೆವು. ಸಂಘದವರೆಲ್ಲರೂ ಜಮಖಾನದ ಮೇಲೆಯೇ ಕೂರಬೇಕು. ಜಮೀನಿದ್ದವರು, ಕೂಲಿಗೆ ಹೋಗುವವರು ಎಂಬ ಭೇದವಿಲ್ಲ. ಕುರ್ಚಿ ಹೊರಗಿನವರಿಗೆ ಮಾತ್ರ. ಬ್ಯಾಂಕಿನವರು ಬಂದರೆ ಕುರ್ಚಿ, ಡೈರಿಯವರು ಬಂದರೆ ಕುರ್ಚಿ. ಈ ನಿಯಮ ಮಾಡಿಸಿದವಳು ನಾನೇ. ಹಾಗಾಗಿ ಇವತ್ತು ಒಳಗೆ ಬಂದವಳು, ಟವೆಲು ಹಾಸಿದ ಈ ಕುರ್ಚಿಯನ್ನು ಕಂಡು ಸ್ವಲ್ಪ ಹೊತ್ತು ನಿಂತೇ ಇದ್ದೆ. ‘ಕುತ್ಕಳಿ ಅಕ್ಕ, ನಾಚ್ಕೆ ಯಾಕೆ?’ ಎಂದಿರಿ. ಅದು ನಾಚಿಕೆಯಾಗಿರಲಿಲ್ಲ.

ನಾನು ನಿಮಗೆ ಕಲಿಸಿದ್ದಾದರೂ ಏನು? ನಾಯಕಿ ಇಲ್ಲದ ದಿನವೂ ಸಭೆ ನಡೆಯಬೇಕು ಎಂಬುದೊಂದೇ. ಅದನ್ನೇ ಮತ್ತೆ ಮತ್ತೆ ಹೇಳಿದೆ. ನೀವು ಕಲಿತಿರಿ. ಎರಡು ವರ್ಷದ ಹಿಂದೆ ಪುಟ್ಟತಾಯಮ್ಮ ನನ್ನನ್ನು ಪಕ್ಕಕ್ಕೆ ಕರೆದು, ‘ನೀವು ಬಂದ್ರೆ ಎಲ್ರೂ ನಿಮ್ ಮೊಕನೇ ನೋಡ್ತಾವ್ರೆ ಕಣಕ್ಕ. ಒಬ್ರೂ ಬಾಯಿ ಬಿಡಾಕಿಲ್ಲ. ಇನ್ಮೇಲೆ ಕರುದ್ರೆ ಮಾತ್ರ ಬನ್ನಿ’ ಎಂದರು. ಎಷ್ಟು ಸಂತೋಷವಾಯಿತು! ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಆಮೇಲೆ ನೀವು ಕರೆಯಲಿಲ್ಲ. ಕರೆಯುವ ಅಗತ್ಯ ಬೀಳಲಿಲ್ಲ. ಅದೇ ಅಲ್ಲವೇ ತರಬೇತಿ ಗೆದ್ದದ್ದಕ್ಕೆ ಗುರುತು?

ಆದರೂ ಮಂಗಳವಾರ ಮಧ್ಯಾಹ್ನ, ನಿಮ್ಮ ಸಭೆಯ ಹೊತ್ತಾದರೆ ನನಗೆ ಹಾಸನದ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಆ ಮನೆಯಲ್ಲಿ ನನ್ನ ಹತ್ತಿರ ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರು ಕೂಗಿಗೆ ಸುಮ್ಮನಾಗುತ್ತದೆ. ಚನ್ನರಾಯಪಟ್ಟಣದ ಬಸ್ಸು ಹತ್ತಿ ಇಲ್ಲಿ ಇಳಿಯುತ್ತಿದ್ದೆ. ಹೊರಗಿನಿಂದ ನಿಮ್ಮ ಚಪ್ಪಲಿಗಳನ್ನು ನೋಡುತ್ತಿದ್ದೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಚಪ್ಪಲಿ ನೋಡಿಯೇ ಹೇಳಬಲ್ಲೆ. ಒಳಗೆ ಜಗಳ ಜೋರಾಗಿದ್ದರೆ ಸಭೆ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡು ಟೀ ಕುಡಿದು ವಾಪಸ್ ಬಸ್ಸು ಹತ್ತುತ್ತಿದ್ದೆ. ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು.

ಈಗ ಸಂಘ ಸ್ವಂತ ಕಾಲ ಮೇಲೆ ನಿಂತಿದೆ, ನಮ್ಮ ಸಂಸ್ಥೆ ಇಲ್ಲಿಂದ ಹೊರಡುತ್ತಿದೆ. ಅರಕಲಗೂಡಿನಲ್ಲಿ ಇದನ್ನೇ ಮೊದಲಿಂದ ಶುರುಮಾಡಿ ಎಂದಿದ್ದಾರೆ ಸಂಪತ್ಕುಮಾರ ಅವರು. ಅವರ ವಿಶ್ವಾಸಕ್ಕೆ ಋಣಿ. ಆದರೆ ನಾನೇ ಬೇಡವಾಗುವ ಹಾಗೆ ಮಾಡುವ ಕೆಲಸವನ್ನು ಇನ್ನೊಂದು ಸಲ ಮಾಡುವ ಶಕ್ತಿ ನನಗಿಲ್ಲ. ಬರುವುದಿಲ್ಲ ಎಂದು ಅವರಿಗೆ ನಿನ್ನೆ ಹೇಳಿದ್ದೇನೆ. ಇಲ್ಲೇ ಡೈರಿಯ ಹಿಂದೆ ಒಂದು ಬಾಡಿಗೆ ಮನೆ ನೋಡಿದ್ದೇನೆ. ಮುಂಗಡ ಇನ್ನೂ ಕೊಟ್ಟಿಲ್ಲ. ನಿಮ್ಮನ್ನು ಕೇಳದೆ ಕೊಡುವುದು ಹೇಗೆ?

ನಮ್ಮದು ಇನ್ನೊಂದು ನಿಯಮವಿದೆ. ಸಂಘಕ್ಕೆ ಸೇರಬೇಕೆನ್ನುವವರು ಎಲ್ಲರ ಎದುರಿಗೆ ಬಾಯಿಬಿಟ್ಟು ಕೇಳಬೇಕು, ಆಮೇಲೆ ಹೊರಗೆ ಜಗಲಿಯ ಮೇಲೆ ಕೂರಬೇಕು. ದಾಕ್ಷಿಣ್ಯವಿಲ್ಲದೆ ಒಳಗಿನವರು ತೀರ್ಮಾನ ಮಾಡಬೇಕು. ನೀವೆಲ್ಲರೂ ಆ ಜಗಲಿಯ ಮೇಲೆ ಕೂತು ಬಂದವರು. ಸಣ್ಣಕ್ಕ ಅವರೆಕಾಯಿ ತಂದು ಸುಲಿಯುತ್ತ ಕೂತಿದ್ದರು. ಒಳಗೆ ಕರೆದಾಗ, ‘ಜಗ್ಲಿ ಮ್ಯಾಲೆ ಕುಂತ್ರೆ ಒಳಗೆ ನಗಾದೆಲ್ಲಾ ನಮ್ಮನ್ನೇ ನೋಡಿ ನಕ್ಕಂಗೆ ಕೇಳ್ತದೆ ಕಣಕ್ಕ’ ಎಂದರು. ನಾನು ನಕ್ಕುಬಿಟ್ಟಿದ್ದೆ. ನಾನೆಂದೂ ಅಲ್ಲಿ ಕೂತವಳಲ್ಲವಲ್ಲ. ನನ್ನನ್ನು ಯಾರೂ ಸೇರಿಸಿಕೊಂಡಿರಲಿಲ್ಲ, ನಾನಾಗಿಯೇ ಬಂದಿದ್ದೆ.

ಆದ್ದರಿಂದ ಈಗ ಎಲ್ಲರ ಎದುರಿಗೆ ಕೇಳುತ್ತಿದ್ದೇನೆ. ತರಬೇತಿ ಕೊಡುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ. ನನ್ನನ್ನು ಸಂಘಕ್ಕೆ ಸೇರಿಸಿಕೊಳ್ಳುತ್ತೀರಾ? ಪುಟ್ಟತಾಯಮ್ಮನವರೇ, ತಕ್ಷಣ ಹೂಂ ಎನ್ನಬೇಡಿ. ನಾನು ಬಂದರೆ ಮತ್ತೆ ಬಾಯಿಗಳು ಮುಚ್ಚಿಹೋಗುತ್ತವೆ ಎಂದು ನಿಮಗನ್ನಿಸಿದರೆ ಬೇಡವೆನ್ನಿ. ಹಾಗೆ ಹೇಳುವುದನ್ನೂ ಇಲ್ಲೇ ಕಲಿತಿದ್ದೀರಿ.

ಶಾಲು ಹೊದಿಸಿದವರಿಗೆ, ಹಾರ ಕಟ್ಟಿದವರಿಗೆ, ಇಷ್ಟು ಹೊತ್ತು ಕೇಳಿದ ಎಲ್ಲರಿಗೂ ಧನ್ಯವಾದ. ಮೈಕನ್ನು ಅಧ್ಯಕ್ಷರ ಕೈಗೆ ಒಪ್ಪಿಸಿ ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ನಿಧಾನವಾಗಿ ಮಾತಾಡಿಕೊಳ್ಳಿ. ನಗು ಬಂದರೆ ಮಾತ್ರ ಸ್ವಲ್ಪ ಮೆಲ್ಲಗೆ ನಗಿ.

ನಮಸ್ಕಾರ.