ಅಂಬಿಕಾ ನೀಡ್ಯಾಳ

ನನ್ನ ಬಗ್ಗೆ ನನಗೇ ಗೊತ್ತಿಲ್ಲದಷ್ಟು ಒಳ್ಳೆಯ ಮಾತುಗಳನ್ನಾಡಿದ ಸಭಾಧ್ಯಕ್ಷರೇ, ಮಸ್ಕಿಯಿಂದ, ಲಿಂಗಸುಗೂರಿನಿಂದ ಈ ಬಿಸಿಲಿನಲ್ಲಿ ಬಂದಿರುವ ಅತಿಥಿಗಳೇ, ಜೊತೆಗೆ ದುಡಿದ ಸಿಸ್ಟರುಗಳೇ, ಆಯಾಗಳೇ, ನನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡೂ ನನ್ನನ್ನು ಕ್ಷಮಿಸಿರುವ ಸಿಂಧನೂರಿನ ಸಭಿಕರೇ,

ಹತ್ತೊಂಬತ್ತು ವರ್ಷಗಳ ಹಿಂದೆ, ನೀರಾವರಿ ಕೆಲಸದಲ್ಲಿದ್ದ ನನ್ನ ಯಜಮಾನರ ಹಿಂದೆ ಚಾಮರಾಜನಗರದ ಕಡೆಯಿಂದ ಈ ಊರಿಗೆ ಬಂದವಳು ನಾನು. ಬಂದ ವಾರದಲ್ಲೇ ಒಬ್ಬ ಅಜ್ಜ ವಾರ್ಡಿಗೆ ಬಂದು, 'ಹೊಟ್ಟಿ ಕಡ್ಯಾಕತ್ತೈತ್ರೀ' ಎಂದ. ಏನು ಕಡಿಯಿತಪ್ಪಾ, ಹಾವೋ ಚೇಳೋ ಎಂದು ಅವನ ಅಂಗಿ ಎತ್ತಿ ಹಲ್ಲಿನ ಗುರುತು ಹುಡುಕಿದೆ. ಹೊಟ್ಟೆನೋವು ಎಂದು ಅವನು ಹೇಳುತ್ತಿದ್ದನಂತೆ. ನೀವು ನಗುತ್ತಿದ್ದೀರಿ, ಅಂದು ವಾರ್ಡೇ ನಕ್ಕಿತ್ತು. ಕನ್ನಡವೇ ಅಲ್ಲವೇ, ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ಎಷ್ಟು ಹಗುರವಾಗಿ ಅಂದುಕೊಂಡಿದ್ದೆ!

ಬೀಳ್ಕೊಡುಗೆಯ ದಿನ ಸಿಹಿಯನ್ನೇ ಹೇಳಬೇಕು ಎನ್ನುತ್ತಾರೆ. ಆದರೆ ಅಧ್ಯಕ್ಷರು ನನ್ನನ್ನು 'ತಪ್ಪೇ ಮಾಡದ ಸಿಸ್ಟರ್' ಎಂದುಬಿಟ್ಟರು. ಆ ಮಾತು ಕೇಳಿದ ಮೇಲೆ ಸುಮ್ಮನೆ ಶಾಲು ಹೊದ್ದು ಕೂರುವುದು ನನ್ನಿಂದಾಗಲಿಲ್ಲ.

ನಾನು ಬಂದ ಮರುವರ್ಷದ ಮಾತು. ಕಾಲುವೆಗೆ ನೀರು ಬಿಟ್ಟಿದ್ದರು. ಆ ದಿನಗಳಲ್ಲಿ ಈ ಸೀಮೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೇ? ನಾಟಿ ಮಾಡಿದ ಗದ್ದೆಗಳಲ್ಲಿ ಆಕಾಶವೇ ಬಂದು ಮಲಗಿರುತ್ತದೆ. ಮಧ್ಯಾಹ್ನದ ಬೆಳಕು ಆ ನೀರಿನಿಂದೆದ್ದು ಕಿಟಕಿಯಲ್ಲಿ ಹಾದು ನಮ್ಮ ವಾರ್ಡಿನ ಗೋಡೆಯ ಮೇಲೆ ಅಲುಗಾಡುತ್ತಿತ್ತು. ಎಲ್ಲರೂ ನೀರಿನೊಳಗೆ ಮಲಗಿದ್ದಾರೇನೋ ಎನ್ನಿಸುತ್ತಿತ್ತು. ಅಂಥ ಒಂದು ಮಧ್ಯಾಹ್ನ, ವಳಕಮದಿನ್ನಿಯಿಂದ ಒಂದು ಟ್ರ್ಯಾಕ್ಟರ್ ಬಂತು.

ಅದರಲ್ಲಿ ಒಂದೇ ಮನೆಯ ಮೂವರಿದ್ದರು. ಯಜಮಾನ ಜಂಬಣ್ಣ ದಾರಿಯಲ್ಲೇ ತೀರಿಹೋಗಿದ್ದರು. ಮಗ ಬಸವಲಿಂಗ ನಮ್ಮ ಕೈಯಲ್ಲಿ ಒಂದು ಗಂಟೆ ಇದ್ದ. ಜಂಬಣ್ಣನವರ ಹೆಂಡತಿ ಕಸ್ತೂರೆಮ್ಮ ಸಂಜೆಯವರೆಗೆ ಉಳಿದರು. ಮೂವರ ಬಾಯಲ್ಲೂ ಭತ್ತದ ಹುಳಕ್ಕೆ ಹೊಡೆಯುವ ಎಣ್ಣೆಯ ವಾಸನೆ. ಅದು ಮಧ್ಯಾಹ್ನದ ಸಾರಿನಲ್ಲಿತ್ತು. ಬಸವಲಿಂಗನ ಹೆಂಡತಿ ಅಂಬಿಕಾ ಟ್ರ್ಯಾಕ್ಟರಿನ ಹಿಂದೆ ಓಡಿ, ಅಲ್ಲಿಂದ ಯಾರದೋ ಗಾಡಿ ಹತ್ತಿ ಬಂದಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಅವಳು ಇನ್ನೂ ಉಂಡಿರಲಿಲ್ಲ.

ಅಂಬಿಕಾ ಲಿಂಗಸುಗೂರಿನ ಮೇಷ್ಟರೊಬ್ಬರ ಮಗಳು. ಮೇಷ್ಟರ ಹೆಸರು ಹುಲಿಗೇಶ. ಅವಳೂ ಬಸವಲಿಂಗನೂ ಕಾಲೇಜಿನಲ್ಲಿ ಮೆಚ್ಚಿ ಮದುವೆಯಾದವರು. ಜಾತಿ ಬೇರೆ. ಮನೆಗೆ ಸೇರಿಸಿಕೊಂಡಿದ್ದರು, ಅಡುಗೆಮನೆಗೆ ಸೇರಿಸಿಕೊಂಡಿರಲಿಲ್ಲ. ಮೂರು ವರ್ಷ ಅವಳು ಪಡಸಾಲೆಯಲ್ಲಿ ಕೂತು, ಹಾಕಿದ್ದನ್ನು ಉಂಡಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಮಧ್ಯಾಹ್ನ ನನಗೆ ಗೊತ್ತಿದ್ದದ್ದು ಕಸ್ತೂರೆಮ್ಮನ ನಾಡಿ ಮಾತ್ರ.

ಅಧಿಕಾರಿಗಳು ಬರುವವರೆಗೆ ಆಕೆ ಉಳಿಯುವಂತೆ ಕಾಣಲಿಲ್ಲ. ಮರಣಕಾಲದ ಹೇಳಿಕೆಯನ್ನು ನಾವೇ ಬರೆದುಕೊಳ್ಳಬೇಕಾಯಿತು. ಅಂದಿನ ಡಾಕ್ಟರು ಆಂಧ್ರದವರು, ಕನ್ನಡ ಬರೆಯಲು ಬರುತ್ತಿರಲಿಲ್ಲ. ಅವರು ಕೇಳಿದರು, ನಾನು ಬರೆದೆ. ಯಾರು ಕೊಟ್ಟರಮ್ಮಾ ಎಂದು ಎರಡು ಸಲ ಕೇಳಿದರು. ಕಸ್ತೂರೆಮ್ಮ ಗೋಡೆಯ ಮೇಲೆ ಆಡುತ್ತಿದ್ದ ಬೆಳಕನ್ನೇ ನೋಡುತ್ತಿದ್ದರು. ಕೊನೆಗೆ ಒಂದೇ ಮಾತು ಅಂದರು.

'ಅಂಬಿಕಾ ನೀಡ್ಯಾಳ.'

ಹಾಗಂದು ನಕ್ಕರು. ಹೌದು, ನಕ್ಕರು. ನೋವಿನಲ್ಲಿ ತುಟಿ ಎಳೆದುಕೊಂಡಿತೋ, ನಗುವೋ, ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಆ ಕಾಗದದಲ್ಲಿ ನಗುವನ್ನು ಬರೆಯಲು ಜಾಗವಿರಲಿಲ್ಲ. ನನ್ನ ಊರಿನಲ್ಲಿ ನೀಡುವುದೆಂದರೆ ಕೊಡುವುದು. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ: 'ಅಂಬಿಕಾ ಕೊಟ್ಟಳು.' ಕಸ್ತೂರೆಮ್ಮನ ಹೆಬ್ಬೆರಳು ಹಿಡಿದು ನಾನೇ ಒತ್ತಿಸಿದೆ.

ಆ ಒಂದು ಸಾಲಿನ ಮೇಲೆ ಮೊಕದ್ದಮೆ ನಿಂತಿತು. ಅತ್ತೆಗೆ ಸೊಸೆಯ ಮೇಲೆ ಸುಳ್ಳು ಹೇಳುವ ಅಗತ್ಯವೇನು, ಸಾಯುವ ಹೊತ್ತಿನಲ್ಲಿ ಯಾರು ಸುಳ್ಳು ಹೇಳುತ್ತಾರೆ ಎಂದರು. ಅವಳೊಬ್ಬಳೇ ಯಾಕೆ ಉಣ್ಣಲಿಲ್ಲ ಎಂದೂ ಕೇಳಿದರು. ಬೇರೆ ಮಾತುಗಳೂ ಇದ್ದವು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ, ಅಡುಗೆ ಎಣ್ಣೆಯ ಡಬ್ಬಿ ಎರಡೂ ಒಂದೇ ಕೋಣೆಯಲ್ಲಿದ್ದವು, ಸಾರು ಮಾಡಿದವರು ಕಸ್ತೂರೆಮ್ಮನೇ, ಅವರ ಕಣ್ಣು ಮಂಜಾಗಿತ್ತು ಎಂದು ಕೆಲವರು. ಕಿರಿಯ ಮಗ ಗುರುಬಸವ ಅಂದೇ ಯಾಕೆ ಸಿಂಧನೂರಿಗೆ ಹೋಗಿದ್ದ ಎಂದು ಇನ್ನು ಕೆಲವರು. ಹೊಲ ಈಗ ಅವನ ಹೆಸರಿನಲ್ಲಿದೆ, ನಿಜ. ಅಷ್ಟರಿಂದ ಅವನು ಕೊಲೆಗಾರನಾಗುತ್ತಾನೆಯೇ? ಆಗುವುದಿಲ್ಲ. ಒಬ್ಬಳ ಮೇಲೆ ಸುಲಭವಾಗಿ ಹೊರಿಸಿದ್ದನ್ನು ಇನ್ನೊಬ್ಬನ ಮೇಲೆ ಅಷ್ಟೇ ಸುಲಭವಾಗಿ ಹೊರಿಸಲು ನಾನು ಇಲ್ಲಿ ನಿಂತಿಲ್ಲ.

ನ್ಯಾಯಾಲಯದಲ್ಲಿ ನಾನು ನನ್ನ ಕಾಗದವನ್ನು ಓದಿ ಹೇಳಿದೆ. ಅಂಬಿಕಾ ನನ್ನ ಕಡೆ ನೋಡುತ್ತಿದ್ದಳು. ಕೋಪದ ನೋಟವಲ್ಲ. ಬಸ್ ನಿಲ್ದಾಣದಲ್ಲಿ ನಿಂತವರು ತಮ್ಮ ಊರಿನ ಹೆಸರು ಕೂಗುತ್ತಾರೇನೋ ಎಂದು ಕಾಯುತ್ತಾರಲ್ಲ, ಅಂಥ ನೋಟ. ಅವಳಿಗೆ ಜೀವಾವಧಿಯಾಯಿತು.

ಎರಡು ವರ್ಷ ಕಳೆದ ಮೇಲೆ ಜವಳಗೇರಾದಲ್ಲಿ ನಾನು ಹೆರಿಗೆ ಮಾಡಿಸಿದ ಮಗುವಿಗೆ ಹೆಸರಿಡುವ ದಿನ. ಪಂಕ್ತಿಯಲ್ಲಿ ಕೂತಿದ್ದೆ. ಮನೆಯ ಹಿರಿಯಳು ನನ್ನ ಎಲೆ ನೋಡಿ ಸೊಸೆಗೆ ಹೇಳಿದಳು: 'ಸಿಸ್ಟರ್‌ಗೆ ಇನ್ನೊಂದೀಟು ಸಾರು ನೀಡವ್ವಾ.'

ಆ ಮಾತನ್ನು ಅದಕ್ಕೂ ಮೊದಲು ಕೇಳಿರಲಿಲ್ಲವೇ? ನೂರು ಸಲ ಕೇಳಿದ್ದೆ. ನೀಡುವುದೆಂದರೆ ಇಲ್ಲಿ ಬಡಿಸುವುದು ಎಂದು ಗೊತ್ತಿತ್ತು. ಆದರೆ ಕಸ್ತೂರೆಮ್ಮನ ಮಾತನ್ನೂ ಈ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನನ್ನ ಎಲೆಯ ಮೇಲೆ ಸಾರು ಹರಿಯುತ್ತಿದ್ದಾಗ, ಮೂರು ವರ್ಷ ಒಳಗೆ ಬಿಟ್ಟುಕೊಳ್ಳದಿದ್ದ ಸೊಸೆಯನ್ನು ಅತ್ತೆ ಆ ಸಾವಿನ ದಿನ ಕರೆದು ಬಡಿಸಲು ಹೇಳಿದ್ದಳು ಎಂದು ಅಂಬಿಕಾಳ ವಕೀಲರು ವಾದಿಸಿದ್ದು ನೆನಪಾಯಿತು. ಹಾಗಾದರೆ ಆ ನಗು? ಇವತ್ತು ನನ್ನ ಸೊಸೆ ನನಗೆ ಬಡಿಸಿದಳು ಎನ್ನುವ ನಗುವೇ ಅದು?

ಕೆಲವು ದಿನ ಯೋಚಿಸಿ ಅವಳ ವಕೀಲರ ಬಳಿಗೆ ಹೋದೆ. ಕೆಲವು ದಿನ ಎಂದೆನೇ? ಕ್ಷಮಿಸಿ. ನಾಲ್ಕು ವರ್ಷ. ಕೆಲಸ ಹೋದೀತೆಂಬ ಹೆದರಿಕೆ, ಜನ ಏನೆಂದಾರು ಎಂಬ ನಾಚಿಕೆ. ನನ್ನ ಯಜಮಾನರು ಬೇಡವೆನ್ನಲಿಲ್ಲ. ಬೇಡವೆನ್ನಲಿ ಎಂದು ನಾನೇ ಕಾದಿದ್ದೆ. ನಾನು ಕಾಯುತ್ತಿದ್ದ ಆ ನಾಲ್ಕು ವರ್ಷವನ್ನೂ ಅವಳು ಜೈಲಿನಲ್ಲೇ ಕಳೆದಳು.

ಮೇಲಿನ ನ್ಯಾಯಾಲಯದಲ್ಲಿ ನನ್ನನ್ನು ಮತ್ತೆ ಕರೆಸಿದರು. ಹಾಗಾದರೆ ಬಡಿಸಿದಳು ಎಂದೇ ಅರ್ಥವೇ ಎಂದು ಕೇಳಿದರು. ಅರ್ಥ ನನಗೆ ಗೊತ್ತಿಲ್ಲ, ಆಕೆ ಆಡಿದ ಮಾತು ಒಂದು, ನಾನು ಬರೆದ ಮಾತು ಇನ್ನೊಂದು ಎಂದೆ. ಅನುಮಾನದ ಲಾಭ ಕೊಟ್ಟು ಅಂಬಿಕಾಳನ್ನು ಬಿಟ್ಟರು. ಒಳಗಿದ್ದದ್ದು ಒಟ್ಟು ಹತ್ತು ವರ್ಷ. ಕೊಂದಿಲ್ಲ ಎಂದು ಯಾರೂ ಹೇಳಲಿಲ್ಲ. ಕೊಂದಿದ್ದಾಳೆಂದು ಹೇಳಲಾಗುವುದಿಲ್ಲ ಎಂದರು. ಈ ಎರಡು ಮಾತುಗಳ ನಡುವೆ ಒಬ್ಬ ಹೆಂಗಸು ಮನೆ ಹುಡುಕಬೇಕು.

ಮಸ್ಕಿಯಲ್ಲಿ ಸಕೀನಾಬೀ ಎಂಬ ಮುದುಕಿ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಅಂಬಿಕಾ ಅಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದಳು. ಒಂದು ಬುಧವಾರ ನಾನು ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನಿಂತು, ನಾನು ಬರೆದದ್ದು ತಪ್ಪಾಯಿತು ಎಂದೆ. ಕೂತ್ಕೋರಿ ಎಂದಳು. ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು, ಹಿಟ್ಟು ಹಾರಿ ಕೋಣೆಯೆಲ್ಲ ಬೆಳ್ಳಗೆ ಮಸುಕಾಗಿತ್ತು. ಅವಳ ಕೈಬಳೆಯ ಸದ್ದು ಎಲ್ಲೋ ದೂರದಿಂದ ಕೇಳಿಸುವಂತಿತ್ತು. ಅಂದು ಏನಾಯಿತು ಎಂದು ಕೇಳಿದೆ. ಕೇಳಬಾರದಿತ್ತು.

'ಮೂರು ವರ್ಷದಾಗ ಅವತ್ತೊಂದಿನ ಒಳಗ ಕರದಿದ್ರು' ಎಂದಳು. 'ನಾ ನೀಡೀನಿ. ಅಷ್ಟ ನನಗ ಗೊತ್ತು.'

ಆಮೇಲೆ ತಟ್ಟೆ ತಂದು ನನ್ನ ಮುಂದಿಟ್ಟಳು. ರೊಟ್ಟಿ, ಪುಂಡಿ ಪಲ್ಯ. ಸಭಿಕರೇ, ಈಕೆಯ ಪರವಾಗಿ ನ್ಯಾಯಾಲಯದಲ್ಲಿ ನಿಂತವಳು ನಾನು. ನನ್ನ ಕೈ ತಟ್ಟೆಯ ಕಡೆ ಹೋಗಲಿಲ್ಲ. ಇವತ್ತು ನನಗೆ ಒಪ್ಪತ್ತು, ಉಣ್ಣುವುದಿಲ್ಲ ಎಂದೆ. ಸುಳ್ಳು ಹೇಳಿದೆ. ಅವಳು ನನ್ನ ಮುಖ ನೋಡಿ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

'ಇರ್ಲಿ ಬಿಡ್ರಿ ಸಿಸ್ಟರ್. ನಾ ಜೈಲಿಂದ ಬಂದ ಮೊದಲ ದಿನ ನಮ್ಮಪ್ಪನೂ ಹಿಂಗ ಕುಂತಿದ್ದ.'

ಆ ತಟ್ಟೆ ಎಂಟು ವರ್ಷ ನನ್ನ ಕಣ್ಣ ಮುಂದಿದೆ. ಕನಸಿನಲ್ಲಿ ಅದನ್ನು ಅವಳು ನೀರಿನ ಗದ್ದೆಗಳ ಆಚೆಯಿಂದ ಹಿಡಿದು ತರುತ್ತಿರುತ್ತಾಳೆ. ನಡೆದಷ್ಟೂ ಗದ್ದೆ ಮುಗಿಯುವುದಿಲ್ಲ.

ಹೋದ ತಿಂಗಳು ನಮ್ಮ ಸಿಸ್ಟರುಗಳ ಸಂಘದವರು ಬೀಳ್ಕೊಡುಗೆಯ ಊಟದ ಅಡುಗೆಗೆ ಯಾರಿಗೆ ಹೇಳೋಣ ಎಂದು ನನ್ನನ್ನೇ ಕೇಳಿದರು. ನಾನು ಮತ್ತೆ ಮಸ್ಕಿಗೆ ಹೋದೆ. ಅಂಬಿಕಾ ಕೂಡಲೇ ಒಪ್ಪಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು.

'ನನ್ನ ಹೆಸರು ಹೇಳ್ರಿ. ಎಲ್ಲಾ ಹೇಳಿ ಆಮ್ಯಾಲೆ ಕರೀರಿ. ಗೊತ್ತಿಲ್ದೋರಿಗೆ ನಾ ನೀಡಂಗಿಲ್ಲ.'

ಹೇಳಿದ್ದೇನೆ. ಅವಳು ಆ ಬಾಗಿಲಿನ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಕೆಲಸವಿದ್ದವರು ಹೋಗಬಹುದು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ನಾನೂ ಒಮ್ಮೆ ಹಾಗೆಯೇ ಎದ್ದು ಬಂದವಳು. ಸತ್ಯ ಏನೆಂದು ನನಗೆ ಗೊತ್ತಾಗಿದೆಯೇ? ಇಲ್ಲ. ಗೊತ್ತಾಗುವವರೆಗೆ ಕಾಯುತ್ತ ಕೂತರೆ ಇಬ್ಬರೂ ಮುದುಕಿಯರಾಗುತ್ತೇವೆ. ನನಗೆ ಹಸಿವಾಗಿದೆ. ಮೊದಲ ಪಂಕ್ತಿಯ ಮೊದಲ ಎಲೆಗೆ ನಾನು ಹೋಗಿ ಕೂರುತ್ತೇನೆ.

ಇಷ್ಟು ಹೊತ್ತು ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಈ ಸೀಮೆಯ ಮಾತು ಕಲಿಸಿದ ನಿಮಗೆಲ್ಲರಿಗೆ, ಬಾಗಿಲ ಹಿಂದೆ ನಿಂತಿರುವ ಅಂಬಿಕಾಳಿಗೆ ನನ್ನ ಕೃತಜ್ಞತೆ. ನಮಸ್ಕಾರ.